ಒಂದು ಟೆಸ್ಟ್ ಪೀಸು, ಹಲವು ಮಾನಕ: ಜತ್ತ ತಾಲ್ಲೂಕಿನ ವೆಲ್ಡರ್ ಅರ್ಹತೆಯ ಕುರಿತು ಒಂದು ಟಿಪ್ಪಣಿ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ವೆಲ್ಡಿಂಗ್ ಮಾನಕಗಳ ಮಾತು ನೀರಿನಿಂದಲೇ ಶುರುವಾಗಬೇಕು. ಮಿರಜ ತಾಲ್ಲೂಕಿನ ಮ್ಹೈಸಾಳದ ಬಳಿ ಕೃಷ್ಣೆಯಿಂದ ಎತ್ತಿದ ನೀರು ಹಂತ ಹಂತವಾಗಿ ಮೇಲೇರಿ ಜತ್ತದ ಕಡೆಗೆ ಬರುತ್ತದೆ. ಪೂರ್ವದಂಚಿನ ಉಮದಿ, ಸಂಖ, ತಿಕ್ಕುಂಡಿ ಸುತ್ತಲಿನ ಕನ್ನಡ ಊರುಗಳು ಬಹುಕಾಲ ಆ ನೀರಿನ ಹೊರಗೇ ಉಳಿದವು. 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಈ ಭಾಗಕ್ಕೆ ಹರಿದಾಗ ಎರಡೂ ರಾಜ್ಯಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಮ್ಹೈಸಾಳ ಯೋಜನೆಯನ್ನು ಈ ಊರುಗಳಿಗೆ ವಿಸ್ತರಿಸುವ ಕೆಲಸಕ್ಕೂ ಅದೇ ಹೊತ್ತಿನಲ್ಲಿ ವೇಗ ಬಂತು.

ಏತ ನೀರಾವರಿಯ ಬೆನ್ನೆಲುಬು ರೈಸಿಂಗ್ ಮೇನ್, ಅಂದರೆ ನೀರನ್ನು ಮೇಲಕ್ಕೆ ಒಯ್ಯುವ ಉಕ್ಕಿನ ಕೊಳವೆ. ಪಂಪು ನಿಂತ ಕ್ಷಣ ಹಿಂದಕ್ಕೆ ಬಡಿಯುವ ನೀರಿನ ಹೊಡೆತವನ್ನು ಅದರ ಒಂದೊಂದು ಜೋಡಣೆಯೂ ತಾಳಬೇಕು. ಆ ಜೋಡಣೆ ಮಾಡುವ ವೆಲ್ಡರ್ ವರ್ಷದ ಉಳಿದ ತಿಂಗಳುಗಳಲ್ಲಿ ಬೇರೆಡೆ ಕೆಲಸಕ್ಕೆ ಹೋಗುತ್ತಾನೆ. ಕಬ್ಬು ನುರಿಯುವುದು ನಿಂತ ಮೇಲೆ ಇದೇ ತಾಲ್ಲೂಕಿನ ತಿಪ್ಪೇಹಳ್ಳಿಯಂಥ ಕಡೆಯ ಸಕ್ಕರೆ ಕಾರ್ಖಾನೆಯ ಬಾಯ್ಲರ್ ದುರಸ್ತಿ, ಗಡಿಯಾಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ ಎನ್‌ಟಿಪಿಸಿ ಸ್ಥಾವರ, ಅದೃಷ್ಟ ಒಲಿದರೆ ಕೊಲ್ಲಿ ದೇಶದ ತೈಲ ಸಂಸ್ಕರಣಾಗಾರ. ನೀರಿನ ಕೊಳವೆಗೆ ಭಾರತೀಯ ಮಾನಕ, ಬಾಯ್ಲರಿಗೆ ಭಾರತೀಯ ಬಾಯ್ಲರ್ ನಿಯಮಾವಳಿ, ಒತ್ತಡದ ಪಾತ್ರೆಗಳಿಗೆ ಅಮೆರಿಕದ ಎಎಸ್‌ಎಂಇ ಒಂಬತ್ತನೆಯ ಭಾಗ, ಕಟ್ಟಡದ ಉಕ್ಕಿಗೆ ಎಡಬ್ಲ್ಯುಎಸ್ ಡಿ1.1, ತೈಲ ಮಾರ್ಗಕ್ಕೆ ಎಪಿಐ 1104, ಯುರೋಪಿನ ಕಂಪನಿ ಬಂದರೆ ಐಎಸ್‌ಒ 9606-1. ಗೇಟು ಬದಲಾದಂತೆ ಹೊಸ ಟೆಸ್ಟ್ ಪೀಸು ಕೈಗೆ ಬರುತ್ತದೆ. ಟೆಸ್ಟಿನ ದಿನದ ಕೂಲಿ ಬಹಳ ಕಡೆ ವೆಲ್ಡರನದೇ ನಷ್ಟ.

ಒಂದು ಮಾನಕದಡಿ ಕೊಟ್ಟ ಪರೀಕ್ಷೆಯನ್ನು ಇನ್ನೊಂದರಡಿ ಎಷ್ಟರಮಟ್ಟಿಗೆ ಓದಬಹುದು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದನ್ನು ಮೊದಲೇ ಹೇಳುತ್ತೇನೆ. ಪ್ರಮಾಣಪತ್ರಕ್ಕೆ ಪ್ರಮಾಣಪತ್ರ ಸಮ ಎಂಬ ಕೋಷ್ಟಕ ಮಾಡಲಾಗದು. ಆದರೆ ದಪ್ಪ, ವ್ಯಾಸ, ಭಂಗಿ, ರಾಡಿನ ಜಾತಿ, ಬ್ಯಾಕಿಂಗ್ ಎಂದು ಒಂದೊಂದೇ ಅಂಶವನ್ನು ಬಿಡಿಸಿ ಇಟ್ಟರೆ ಬಹುಪಾಲು ಹೊಂದುತ್ತವೆ. ಹೊಂದದೆ ಉಳಿಯುವ ಕೆಲವು ಜಾಗಗಳು ಮಾತ್ರ ಚಿಕ್ಕವಲ್ಲ.

ಎರಡು ಪರೀಕ್ಷೆಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಪ್ರೊಸೀಜರ್ ಪರೀಕ್ಷೆ ಲೋಹದ್ದು: ಈ ಉಕ್ಕು, ಈ ರಾಡು, ಈ ಕರೆಂಟು, ಈ ಬಿಸಿ ಸೇರಿದರೆ ಬೇಕಾದ ಬಲದ ಜೋಡಣೆ ಸಿಗುತ್ತದೆಯೇ ಎಂಬುದು ಅದರ ವಿಷಯ. ವೆಲ್ಡರ್ ಪರೀಕ್ಷೆ ಕೈಯದ್ದು: ಆ ವಿಧಾನವನ್ನು ಹಿಡಿದು ಈ ಮನುಷ್ಯ ದೋಷವಿಲ್ಲದ ಬೆಸುಗೆ ಇಳಿಸಬಲ್ಲನೇ ಎಂಬುದು. ಭಾರತೀಯ ಮಾನಕಗಳು 1974ರಲ್ಲೇ ಇದನ್ನು ಸ್ಪಷ್ಟವಾಗಿ ವಿಂಗಡಿಸಿವೆ. ಐಎಸ್ 7307 ಪ್ರೊಸೀಜರಿಗೆ, ಐಎಸ್ 7310 ಅನುಮೋದಿತ ಪ್ರೊಸೀಜರ್ ಹಿಡಿದು ದುಡಿಯುವ ವೆಲ್ಡರಿಗೆ, ಐಎಸ್ 7318 ಪ್ರೊಸೀಜರ್ ಅನುಮೋದನೆ ಬೇಡದ ಕೆಲಸದ ವೆಲ್ಡರಿಗೆ. ಜತ್ತದ ಗ್ಯಾರೇಜಿನಲ್ಲಿ ಟ್ಯಾಂಕರ್, ಟ್ರಾಲಿ, ದ್ರಾಕ್ಷಿ ಚಪ್ಪರದ ಆ್ಯಂಗಲ್ ಕೂಡಿಸುವವನಿಗೆ ಮೂರನೆಯದು ತಕ್ಕದ್ದು. ರೈಸಿಂಗ್ ಮೇನಿಗೆ ಬಂದವನಿಗೆ ಎರಡನೆಯದೇ ಬೇಕು. ಸೈಟುಗಳಲ್ಲಿ ಈ ಎರಡನ್ನೂ ‘ಐಎಸ್ ಸರ್ಟಿಫಿಕೇಟ್’ ಎಂದು ಒಂದೇ ಹೆಸರಿನಿಂದ ಕರೆಯುವ ರೂಢಿಯಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಪ್ರೊಸೀಜರಿನ ಕಡೆ ಹೊಂದಾಣಿಕೆ ಬಹಳ ಮುಂದೆ ಬಂದಿದೆ. ಐಎಸ್‌ಒ 15614-1ರ 2017ರ ಆವೃತ್ತಿ ಎರಡು ಮಟ್ಟಗಳನ್ನು ಇಟ್ಟುಕೊಂಡಿದೆ. ಮೊದಲ ಮಟ್ಟ ಎಎಸ್‌ಎಂಇ ಒಂಬತ್ತನೆಯ ಭಾಗದ ಹಾದಿಯದು, ಎರಡನೆಯದು ಐಎಸ್‌ಒದ ಹಳೆಯ ಹಾದಿಯದು. 12 ಮಿ.ಮೀ. ದಪ್ಪದ ಬಟ್ ಜಾಯಿಂಟನ್ನು ಹಲವು ರನ್ನುಗಳಲ್ಲಿ ಬೆಸೆದು ಪ್ರೊಸೀಜರ್ ಪರೀಕ್ಷೆ ಮಾಡಿದೆವು ಎನ್ನೋಣ. ಎಎಸ್‌ಎಂಇ ಪ್ರಕಾರ ಅದು 5ರಿಂದ 24 ಮಿ.ಮೀ.ವರೆಗೆ ಒಪ್ಪಿಗೆ ಕೊಡುತ್ತದೆ. ಐಎಸ್‌ಒ ಎರಡನೆಯ ಮಟ್ಟದಲ್ಲಿ 3ರಿಂದ 24. ಮೇಲಿನ ಮಿತಿ ಒಂದೇ. ಬೆಂಡ್ ಟೆಸ್ಟಿನಲ್ಲಿ ಎರಡೂ 3 ಮಿ.ಮೀ.ಗಿಂತ ಉದ್ದದ ಬಿರುಕನ್ನು ತಿರಸ್ಕರಿಸುತ್ತವೆ. ಎಡಬ್ಲ್ಯುಎಸ್ ಇದರ ಜೊತೆಗೆ ಸಣ್ಣಪುಟ್ಟ ಬಿರುಕುಗಳ ಮೊತ್ತವನ್ನೂ ಕೂಡಿಸುತ್ತದೆ: 1 ಮಿ.ಮೀ. ಮೀರಿದ, 3 ಮಿ.ಮೀ. ಒಳಗಿನ ತೆರಪುಗಳೆಲ್ಲ ಸೇರಿ 10 ಮಿ.ಮೀ. ದಾಟಬಾರದು. ಎಪಿಐ 3 ಮಿ.ಮೀ. ಅಥವಾ ಕೊಳವೆ ಗೋಡೆಯ ಅರ್ಧ, ಯಾವುದು ಕಡಿಮೆಯೋ ಅದನ್ನು ಹಿಡಿಯುತ್ತದೆ. ನಾಲ್ಕರಲ್ಲೂ ಅತಿ ಬಿಗಿಯಾದದ್ದನ್ನು ಆಯ್ದುಕೊಂಡು ಅಳತೆ ಬರೆದಿಟ್ಟರೆ ಒಂದೇ ಬೆಂಡ್ ಪಟ್ಟಿ ನಾಲ್ವರು ಇನ್‌ಸ್ಪೆಕ್ಟರುಗಳಿಗೂ ಉತ್ತರ ಕೊಡಬಲ್ಲದು.

ಪರೀಕ್ಷೆಗಳ ಪಟ್ಟಿ ಮಾತ್ರ ಒಂದೇ ಉದ್ದದ್ದಲ್ಲ. ಎಎಸ್‌ಎಂಇ ಬಟ್ ಜಾಯಿಂಟಿಗೆ ಎರಡು ಟೆನ್ಸೈಲ್, ನಾಲ್ಕು ಬೆಂಡ್ ಕೇಳಿ ಸುಮ್ಮನಾಗುತ್ತದೆ. ಇಂಪ್ಯಾಕ್ಟ್ ಟೆಸ್ಟು ನಿರ್ಮಾಣದ ಮಾನಕ ಕೇಳಿದಾಗ ಮಾತ್ರ. ಐಎಸ್‌ಒ ಎರಡನೆಯ ಮಟ್ಟ ಇವುಗಳ ಜೊತೆಗೆ ಎಕ್ಸ್‌ರೇ ಅಥವಾ ಅಲ್ಟ್ರಾಸೋನಿಕ್, ಮೇಲ್ಮೈ ಬಿರುಕಿನ ಪರೀಕ್ಷೆ, ಅಡ್ಡ ಕೊಯ್ದು ಆಸಿಡ್ ಹಚ್ಚಿ ನೋಡುವ ಮ್ಯಾಕ್ರೋ ಎಲ್ಲವನ್ನೂ ಬಯಸುತ್ತದೆ. ಆದ್ದರಿಂದ ಎರಡನೆಯ ಮಟ್ಟದ ದಾಖಲೆಯಿಂದ ಎಎಸ್‌ಎಂಇ ದಾಖಲೆ ತಯಾರಿಸುವುದು ಸುಲಭ, ತಿರುಗಿಸಿ ಮಾಡಲಾಗದು. ಕೊಯ್ದು ಎಸೆದ ತುಂಡಿಗೆ ಎಕ್ಸ್‌ರೇ ತೆಗೆಯುವುದು ಎಲ್ಲಿಂದ? ಹೊಂದಾಣಿಕೆಯ ತೀರ್ಮಾನ ಕೂಪನ್, ಅಂದರೆ ಟೆಸ್ಟ್ ಪೀಸು, ಕೊಯ್ಯುವ ಮುಂಚೆಯೇ ಆಗಿರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಉಕ್ಕಿನ ಗುಂಪಿನ ಬಗ್ಗೆಯೂ ಎರಡು ಮಾತು. ಎಎಸ್‌ಎಂಇ ಉಕ್ಕುಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿ ಪಿ-ನಂಬರ್ ಕೊಡುತ್ತದೆ. ಐಎಸ್‌ಒದ ಗುಂಪುಗಳು ರಾಸಾಯನಿಕ ಗುಣ ಮತ್ತು ಯೀಲ್ಡ್ ಬಲದ ಮೇಲೆ ನಿಂತಿವೆ. ಯೀಲ್ಡ್ 275 ಮೆಗಾಪಾಸ್ಕಲ್ ಒಳಗಿನ ಸಾದಾ ಕಾರ್ಬನ್ ಉಕ್ಕು ಗುಂಪು 1.1. ನೀರಿನ ಕೊಳವೆಗೆ ನಾವು ಬಳಸುವ ಐಎಸ್ 3589ರ ಗ್ರೇಡುಗಳನ್ನು ಅಳತೆಯ ಆಧಾರದಲ್ಲಿ ಐಎಸ್‌ಒ ಗುಂಪಿಗೆ ಸೇರಿಸಬಹುದು. ಹೆಸರಿನ ಪಟ್ಟಿಯಲ್ಲಿಲ್ಲದ ಉಕ್ಕಾದರೆ ಎಎಸ್‌ಎಂಇ ಅಡಿ ಆ ಪ್ರೊಸೀಜರ್ ಅದೇ ಉಕ್ಕಿಗಷ್ಟೇ ಸಲ್ಲುತ್ತದೆ. ಕೊಳವೆಗೆ ಎಎಸ್‌ಎಂಇ ಎಂದು ಟೆಂಡರಿನಲ್ಲಿ ಬರೆದು ಉಕ್ಕು ಮಾತ್ರ ಭಾರತೀಯ ಗ್ರೇಡಿನದು ಎನ್ನುವವರು ಈ ಸಾಲನ್ನು ಓದಿಕೊಳ್ಳಬೇಕು.

ಪ್ರೊಸೀಜರ್ ಭಾಗದಲ್ಲಿ ಹೊಂದದ ಒಂದು ಗಂಟು ಎಡಬ್ಲ್ಯುಎಸ್ ಡಿ1.1ರದು. ಅದು ಗೊತ್ತುಪಡಿಸಿದ ಜೋಡಣೆ, ಗೊತ್ತುಪಡಿಸಿದ ಉಕ್ಕು ಮತ್ತು ರಾಡು ಬಳಸಿದರೆ ಪರೀಕ್ಷೆಯೇ ಇಲ್ಲದೆ ಪ್ರೊಸೀಜರನ್ನು ಒಪ್ಪಿಕೊಳ್ಳುತ್ತದೆ. ದಶಕಗಳ ಅನುಭವದ ಆಧಾರವುಳ್ಳ ವಿವೇಕದ ಕ್ರಮ ಅದು. ಆದರೆ ಆ ಹಾಳೆಯ ಹಿಂದೆ ಕೊಯ್ದ ತುಂಡೂ ಇಲ್ಲ, ಟೆನ್ಸೈಲ್ ಅಂಕಿಯೂ ಇಲ್ಲ. ಪಂಪ್‌ಹೌಸಿನ ಶೆಡ್ಡಿಗೆ ಸರಿಯಾದ ಆ ಹಾಳೆ ಅದೇ ಆವರಣದ ಒತ್ತಡದ ಕೊಳವೆಗೆ ಸಲ್ಲುವುದಿಲ್ಲ.

ಇನ್ನು ವೆಲ್ಡರ್ ಪರೀಕ್ಷೆ. ಜತ್ತದ ಹುಡುಗರಿಗೆ ನೇರವಾಗಿ ತಟ್ಟುವುದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ದಪ್ಪದ ಲೆಕ್ಕ ನೋಡಿ. ಐಎಸ್‌ಒ 9606-1ರಲ್ಲಿ ವೆಲ್ಡರ್ ಇಳಿಸಿದ ಬೆಸುಗೆಯ ದಪ್ಪ 12 ಮಿ.ಮೀ. ಮುಟ್ಟಿ ಕನಿಷ್ಠ ಮೂರು ಪದರ ಇದ್ದರೆ 3 ಮಿ.ಮೀ.ಗಿಂತ ಮೇಲೆ ಎಷ್ಟು ದಪ್ಪಕ್ಕಾದರೂ ಅವನು ಅರ್ಹ. ಎಎಸ್‌ಎಂಇಯಲ್ಲಿ ಆ ಗಡಿ 13 ಮಿ.ಮೀ.; ಅದಕ್ಕಿಂತ ಕಡಿಮೆಯಾದರೆ ಇಳಿಸಿದ ದಪ್ಪದ ಎರಡರಷ್ಟು ಮಾತ್ರ. 12 ಮಿ.ಮೀ. ಪ್ಲೇಟಿನ ಮೇಲೆ ಪಾಸಾದವನು ಐಎಸ್‌ಒ ಕಣ್ಣಿನಲ್ಲಿ ಮಿತಿಯಿಲ್ಲದವನು, ಎಎಸ್‌ಎಂಇ ಕಣ್ಣಿನಲ್ಲಿ 24 ಮಿ.ಮೀ.ಗೆ ನಿಲ್ಲುವವನು. ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸ. ಪ್ಲೇಟು 14 ಆಗಿದ್ದರೆ ಇನ್ನೊಂದು ಪರೀಕ್ಷೆಯೇ ಬೇಕಿರಲಿಲ್ಲ.

ಎರಡು ಬಗೆಯ ರಾಡು ಬಳಸಿದಾಗ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಕೊಳವೆಯ ಕೆಲಸದಲ್ಲಿ ರೂಟಿಗೆ ಇ6010, ಫಿಲ್ಲಿಂಗಿಗೂ ಕ್ಯಾಪಿಂಗಿಗೂ ಇ7018 ಎಂಬುದು ಬಳಕೆಯಲ್ಲಿರುವ ಜೋಡಿ. ಎಎಸ್‌ಎಂಇ ರಾಡುಗಳ ಗುಂಪಿಗೆ ಕೊಡುವ ಎಫ್-ನಂಬರಿನ ಲೆಕ್ಕದಲ್ಲಿ ಮೊದಲನೆಯದು ಎಫ್3, ಎರಡನೆಯದು ಎಫ್4. ಪ್ರತಿ ಎಫ್-ನಂಬರಿನಲ್ಲಿ ಇಳಿಸಿದ ದಪ್ಪವನ್ನು ಬೇರೆ ಬೇರೆ ಅಳೆಯಬೇಕು. ಆರಿಂಚಿನ ಶೆಡ್ಯೂಲ್ 120 ಪೈಪಿನ ಗೋಡೆ 14.27 ಮಿ.ಮೀ. ಅದರಲ್ಲಿ 3 ಮಿ.ಮೀ. ರೂಟಿಗೆ ಹೋದರೆ ಎಫ್4ಗೆ ಉಳಿಯುವುದು 11 ಚಿಲ್ಲರೆ. 13ರ ಗಡಿ ಮುಟ್ಟಲಿಲ್ಲ, ಮಿತಿ 22ರ ಆಸುಪಾಸಿಗೆ ಬಿತ್ತು. ಅದೇ ಆರಿಂಚಿನ ಶೆಡ್ಯೂಲ್ 160 ತೆಗೆದುಕೊಂಡರೆ ಗೋಡೆ 18.26 ಮಿ.ಮೀ.; ರೂಟು ಕಳೆದರೂ ಗಡಿ ದಾಟುತ್ತದೆ. ಪೈಪಿನ ತುಂಡು ಖರೀದಿಸುವ ಸ್ಟೋರ್‌ಕೀಪರ್ ಒಂದು ಅಂಕಿ ಬದಲಿಸಿದರೆ ವೆಲ್ಡರನ ಮುಂದಿನ ಕೆಲಸದ ಬಾಗಿಲು ತೆರೆದಿರುತ್ತದೆ ಅಥವಾ ಮುಚ್ಚಿರುತ್ತದೆ.

ವ್ಯಾಸಕ್ಕೆ ಬಂದರೆ, ಆರಿಂಚಿನ ಪೈಪಿನ ಹೊರವ್ಯಾಸ 168.3 ಮಿ.ಮೀ. ಐಎಸ್ 3589ರ ಕೊಳವೆಗಳು ಶುರುವಾಗುವ ಅಳತೆಯೂ ಅದೇ. ಇದರ ಮೇಲೆ ಪಾಸಾದರೆ ಎಎಸ್‌ಎಂಇ 73 ಮಿ.ಮೀ. ಮತ್ತು ಮೇಲಿನದಕ್ಕೆ ಒಪ್ಪುತ್ತದೆ. ಐಎಸ್‌ಒ ಅರ್ಧ ವ್ಯಾಸ, ಅಂದರೆ ಸುಮಾರು 84 ಮಿ.ಮೀ.ನಿಂದ ಮೇಲಕ್ಕೆ. ನೀರಿನ ಕೊಳವೆಗೆ ಎರಡೂ ಸಾಕು.

6ಜಿ ಎಂಬ 45 ಡಿಗ್ರಿ ಓರೆಯ ಪರೀಕ್ಷೆಯ ಮೇಲೆ ಗುತ್ತಿಗೆದಾರರಿಗಿರುವ ಮೋಹ ಇಲ್ಲಿ ಪ್ರಶ್ನಾರ್ಹ. ರೈಸಿಂಗ್ ಮೇನಿನ ದೊಡ್ಡ ಕೊಳವೆಯಲ್ಲಿ ವೆಲ್ಡರ್ ಒಳಗೆ ಇಳಿದು ಒಳಬದಿಯನ್ನೂ ಬೆಸೆಯುತ್ತಾನೆ. ಎರಡೂ ಕಡೆಯಿಂದ ಬೆಸೆದ ಜೋಡಣೆಯನ್ನು ಎಎಸ್‌ಎಂಇ ಬ್ಯಾಕಿಂಗ್ ಇರುವ ಬೆಸುಗೆಯ ಸಾಲಿನಲ್ಲೇ ಇಡುತ್ತದೆ. ವ್ಯಾಸ 610 ಮಿ.ಮೀ. ಮೀರಿದರೆ ಪ್ಲೇಟಿನ ಮೇಲೆ ಕೊಟ್ಟ 3ಜಿ (ಲಂಬ) ಮತ್ತು 4ಜಿ (ತಲೆಯ ಮೇಲಿನ) ಪರೀಕ್ಷೆಗಳು ಅಡ್ಡ ಮಲಗಿದ ಸ್ಥಿರ ಕೊಳವೆಗೆ ಸಾಕು ಎನ್ನುತ್ತದೆ. ಐಎಸ್‌ಒದಲ್ಲಿ ಆ ಗಡಿ ಇನ್ನೂ ಕೆಳಗೆ, 500 ಮಿ.ಮೀ. ಅಂದಮೇಲೆ ಬ್ಯಾಕಿಂಗ್ ಇಲ್ಲದ ಓಪನ್ ರೂಟಿನ 6ಜಿ ಪರೀಕ್ಷೆಯಲ್ಲಿ ಫೇಲಾದನೆಂದು ಒಬ್ಬ ಒಳ್ಳೆಯ ಪ್ಲೇಟ್ ವೆಲ್ಡರನನ್ನು ಈ ಕೆಲಸದಿಂದ ವಾಪಸು ಕಳಿಸಲು ಮಾನಕದಲ್ಲಿ ಆಧಾರವಿಲ್ಲ. ಕೆಲಸಕ್ಕೆ ಬೇಡದ ಕಠಿಣ ಪರೀಕ್ಷೆ ಗುಣಮಟ್ಟ ಕಾಯುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಅದು ಸ್ಥಳೀಯರನ್ನು ಹೊರಗಿಡುತ್ತದೆ, ಅಷ್ಟೇ.

ಇದಕ್ಕೆ ತದ್ವಿರುದ್ಧವಾಗಿ, ಬೇಕೇ ಬೇಕಾದ ಪರೀಕ್ಷೆ ತಪ್ಪಿಹೋಗುವ ಜಾಗವೂ ಇದೆ: ಫಿಲೆಟ್ ಬೆಸುಗೆ. ಎಎಸ್‌ಎಂಇಯಲ್ಲಿ ಬಟ್ ಜಾಯಿಂಟ್ ಪಾಸಾದವನು ಎಲ್ಲ ಅಳತೆಯ ಫಿಲೆಟ್ಟಿಗೂ ತಾನಾಗಿಯೇ ಅರ್ಹ. ಐಎಸ್‌ಒ 9606-1ರ 2012ರ ಆವೃತ್ತಿ ಹಾಗೆ ಒಪ್ಪುವುದಿಲ್ಲ. ಫಿಲೆಟ್ಟಿಗೆ ಬೇರೆ ಪರೀಕ್ಷೆ, ಇಲ್ಲವೇ ಬಟ್ ಪರೀಕ್ಷೆಯ ಜೊತೆಗೇ ಒಂದು ಪೂರಕ ಫಿಲೆಟ್ ತುಂಡು ಬೇಕು. ನೀರಿನ ಕೊಳವೆಯ ಸ್ಟಿಫನರ್ ಉಂಗುರ, ಸ್ಯಾಡಲ್, ಏರ್‌ವಾಲ್ವಿನ ಕವಲು ಎಲ್ಲ ಫಿಲೆಟ್ ಕೆಲಸವೇ. ಬಟ್ಟಿನಲ್ಲಿ ಪಳಗಿದ ಕೈ ಮೂಲೆಯ ಬೇರಿಗೆ ಇಳಿಯದೆ ಮೇಲೆ ಮೇಲೆ ತುಂಬುವುದು ಅಪರೂಪವಲ್ಲ. ಇಲ್ಲಿ ಐಎಸ್‌ಒ ಹೇಳುವುದೇ ಸರಿ ಎಂದು ನನ್ನ ಅಭಿಪ್ರಾಯ.

ಕಣ್ಣಿನ ಪರೀಕ್ಷೆಯಲ್ಲೂ ಅಂತರವಿದೆ. ಎಎಸ್‌ಎಂಇ ವೆಲ್ಡರ್ ಕೂಪನ್ನಿನಲ್ಲಿ ಪೂರ್ತಿ ಪೆನಿಟ್ರೇಶನ್, ಪೂರ್ತಿ ಫ್ಯೂಶನ್ ಇದೆಯೇ ಎಂದು ನೋಡುತ್ತದೆ. ಅಂಡರ್‌ಕಟ್ಟಿಗೆ ಅಳತೆ ಹೇಳುವುದಿಲ್ಲ. ಐಎಸ್‌ಒ ತನ್ನ 5817ರ ದರ್ಜೆಗಳನ್ನು ಹಿಡಿದು ಅರ್ಧ ಮಿ.ಮೀ. ಮೀರಿದ ಅಂಡರ್‌ಕಟ್ಟನ್ನು ಬಿಡುವುದಿಲ್ಲ.

ಮಾನಕಗಳ ನಡುವಿನ ಅತಿ ದೊಡ್ಡ ಅಂತರ ಕಾಣುವುದು ಕೂಡಗಿಯಂಥ ಸೂಪರ್‌ಕ್ರಿಟಿಕಲ್ ಸ್ಥಾವರದ ಉಕ್ಕಿನಲ್ಲಿ. ಅಲ್ಲಿನ ಬಿಸಿ ಹಬೆಯ ಕೊಳವೆಗಳಿಗೆ ಬಳಸುವ 9 ಪ್ರತಿಶತ ಕ್ರೋಮಿಯಂನ ಪಿ91 ಉಕ್ಕು ಎಎಸ್‌ಎಂಇಯ 15ಇ ಗುಂಪಿನದು. ಆದರೂ ಎಎಸ್‌ಎಂಇ ಪ್ರಕಾರ ಸಾದಾ ಕಾರ್ಬನ್ ಉಕ್ಕಿನ ಮೇಲೆ ಎಫ್4 ರಾಡಿನಿಂದ ಪಾಸಾದ ವೆಲ್ಡರ್ ಅದೇ ಎಫ್4 ಗುಂಪಿನ ಕ್ರೋಮಿಯಂ ರಾಡು ಹಿಡಿದು ಪಿ91 ಬೆಸೆಯಲು ಅರ್ಹ. ವೆಲ್ಡರ್ ಪರೀಕ್ಷೆ ಕೈಯನ್ನಷ್ಟೇ ಅಳೆಯುತ್ತದೆ, ಲೋಹದ ಹೊಣೆ ಪ್ರೊಸೀಜರಿನದು ಎಂಬುದು ಅದರ ತರ್ಕ. ಐಎಸ್‌ಒ ಮಾತ್ರ ರಾಡಿನ ಲೋಹದ ಗುಂಪನ್ನು ನೋಡುತ್ತದೆ. ಎಫ್‌ಎಂ1ರಲ್ಲಿ ಪಾಸಾದವನು ಎಫ್‌ಎಂ2ರವರೆಗೆ, ಪಿ91ಗೆ ಬೇಕಾದ ಎಫ್‌ಎಂ4ಕ್ಕೆ ಪ್ರತ್ಯೇಕ ಪರೀಕ್ಷೆ. ಕ್ರೋಮಿಯಂ ರಾಡಿನ ಕರಗಿದ ಲೋಹದ ಕೊಳ ಕಾರ್ಬನ್ ರಾಡಿನದಕ್ಕಿಂತ ಮಂದವಾಗಿ ಹರಿಯುತ್ತದೆ, ಕೈಗೆ ಬೇರೆಯೇ ಅಭ್ಯಾಸ ಬೇಕು. ಎಎಸ್‌ಎಂಇಯ ತರ್ಕ ಕಾಗದದಲ್ಲಿ ಶುದ್ಧ. ನೀರಿನ ಕೊಳವೆಯಿಂದ ನೇರ ಬಂದವನನ್ನು ಪಿ91 ಕೊಳವೆಗೆ ನಿಲ್ಲಿಸುವ ಧೈರ್ಯ ಯಾವ ಒಳ್ಳೆಯ ವೆಲ್ಡಿಂಗ್ ಇಂಜಿನಿಯರಿಗೂ ಇರಬಾರದು.

ಕೊನೆಯದು ಕಾಲ ಮತ್ತು ಒಡೆತನ. ಎಎಸ್‌ಎಂಇ ಹಾಗೂ ಎಡಬ್ಲ್ಯುಎಸ್‌ನಲ್ಲಿ ಅರ್ಹತೆಗೆ ಮುಕ್ತಾಯದ ದಿನಾಂಕವಿಲ್ಲ. ಆ ವಿಧಾನದ ಬೆಸುಗೆಯನ್ನು ಆರು ತಿಂಗಳು ಬಿಟ್ಟಿರಬಾರದು, ಅಷ್ಟೇ. ಐಎಸ್‌ಒದಲ್ಲಿ ಆರು ತಿಂಗಳಿಗೊಮ್ಮೆ ಸಹಿಯ ಜೊತೆಗೆ ಮೂರು ವರ್ಷಕ್ಕೆ ಮರುಪರೀಕ್ಷೆ, ಅಥವಾ ಎರಡು ವರ್ಷಕ್ಕೊಮ್ಮೆ ಮಾಡಿದ ಕೆಲಸದ ಪರೀಕ್ಷಾ ದಾಖಲೆ ತೋರಿಸುವ ದಾರಿಯೂ ಇದೆ. 1950ರ ಬಾಯ್ಲರ್ ನಿಯಮಾವಳಿಯ ಪ್ರಮಾಣಪತ್ರಕ್ಕೆ ಎರಡು ವರ್ಷ. ಮೂಲ ಕಾಯ್ದೆ 1923ರದು, ಅದರ ಜಾಗಕ್ಕೆ 2025ರ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಕೇಂದ್ರದ ನಿಯಮವಾದ್ದರಿಂದ ಮಹಾರಾಷ್ಟ್ರ, ಕರ್ನಾಟಕ ಎರಡರ ಬಾಯ್ಲರ್ ಇಲಾಖೆಗಳೂ ಹಿಡಿಯುವುದು ಒಂದೇ ಪುಸ್ತಕ. ಜತ್ತದ ವೆಲ್ಡರನಿಗೆ ಆರು ತಿಂಗಳ ನಿಯಮವೇ ಕಷ್ಟ. ಮಳೆ ಕೈಕೊಟ್ಟ ವರ್ಷ ಮನೆಯವರೊಂದಿಗೆ ಕಬ್ಬು ಕಡಿಯಲು ಹೋದವನ ಸರಪಳಿ ಅಲ್ಲಿಗೆ ಹರಿಯುತ್ತದೆ. ಕಾರ್ಖಾನೆಯಲ್ಲೇ ಉಳಿದು ಗಾಣದ ರೋಲರ್ ಆರ್ಕಿಂಗ್ (ರೋಲರಿನ ಮೇಲ್ಮೈಗೆ ಬೆಸುಗೆ ಇಳಿಸುವ ಹಾರ್ಡ್‌ಫೇಸಿಂಗ್) ಮಾಡಿದವನು ರಾಡು ಹಿಡಿದೇ ಇದ್ದನಾದ್ದರಿಂದ ಎಎಸ್‌ಎಂಇಯ ಅಕ್ಷರಕ್ಕೆ ಅರ್ಹನಾಗಿ ಉಳಿಯುತ್ತಾನೆ, ಆ ಆರು ತಿಂಗಳಲ್ಲಿ ಒಂದೂ ಜೋಡಣೆ ಬೆಸೆಯದಿದ್ದರೂ. ಹೊಂದಾಣಿಕೆಯ ದಾಖಲೆಯಲ್ಲಿ ಇಂಥ ಕೆಲಸವನ್ನು ಬೇರೆ ಅಂಕಣದಲ್ಲಿ ಬರೆಯಬೇಕು.

ಒಡೆತನದ ತೊಡಕು ಇದಕ್ಕಿಂತ ಆಳದ್ದು. ಎಎಸ್‌ಎಂಇ ಪ್ರಕಾರ ಪರೀಕ್ಷೆ ನಡೆಸುವುದು ಸಂಸ್ಥೆಯ ಹೊಣೆ, ಅರ್ಹತೆ ಆ ಸಂಸ್ಥೆಯೊಳಗಿನದು. ಗುತ್ತಿಗೆದಾರ ಬದಲಾದರೆ ಅದೇ ವೆಲ್ಡರ್, ಅದೇ ಮೆಶೀನು, ಅದೇ ಕೊಳವೆ ಇದ್ದರೂ ಪರೀಕ್ಷೆ ಮತ್ತೆ ಮೊದಲಿಂದ. ಪೈಪಿಂಗಿನ ಎಎಸ್‌ಎಂಇ ಬಿ31.3 ಇನ್‌ಸ್ಪೆಕ್ಟರನ ಒಪ್ಪಿಗೆಯಿದ್ದರೆ ಹಿಂದಿನ ಮಾಲೀಕನ ದಾಖಲೆಯನ್ನು ಷರತ್ತಿನೊಂದಿಗೆ ಸ್ವೀಕರಿಸುತ್ತದೆ. ಇದಕ್ಕಿಂತ ಉಪಯುಕ್ತವಾದ, ನಮ್ಮ ಕಡೆ ಯಾರೂ ಬಳಸದ ಒಂದು ದಾರಿ ಒಂಬತ್ತನೆಯ ಭಾಗದಲ್ಲೇ ಇದೆ: ಹಲವು ಸಂಸ್ಥೆಗಳು ಸೇರಿ, ತಮ್ಮ ತಮ್ಮ ಪ್ರತಿನಿಧಿಯನ್ನು ನಿಲ್ಲಿಸಿ, ಒಂದೇ ಪರೀಕ್ಷೆಯಲ್ಲಿ ಒಬ್ಬ ವೆಲ್ಡರನನ್ನು ಏಕಕಾಲಕ್ಕೆ ಅರ್ಹಗೊಳಿಸಬಹುದು. ಪ್ರೊಸೀಜರುಗಳನ್ನು ಮೊದಲೇ ಹೋಲಿಸಿ, ಅಗತ್ಯ ಅಂಶಗಳಲ್ಲಿ ಅವು ಒಂದೇ ಎಂದು ಎಲ್ಲರೂ ಒಪ್ಪಿರಬೇಕು.

ಜತ್ತದ ನೀರಿನ ಕೆಲಸಗಳಿಗೆ ನನ್ನ ಸೂಚನೆ ಇದರ ಮೇಲೆ ನಿಂತಿದೆ. ಟೆಂಡರಿನಲ್ಲೇ ಸಾಮೂಹಿಕ ಪರೀಕ್ಷೆಯ ಷರತ್ತು ಬರಲಿ. ದೊಡ್ಡ ಕೊಳವೆಗೆ 14 ಮಿ.ಮೀ. ಪ್ಲೇಟಿನಲ್ಲಿ 3ಜಿ, 4ಜಿ, ಪೂರ್ತಿ ಇ7018 ರಾಡಿನಿಂದ, ಕೆಳಗಿನಿಂದ ಮೇಲಕ್ಕೆ; ಜೊತೆಗೆ ಪೂರಕ ಫಿಲೆಟ್ ತುಂಡು. ಸಣ್ಣ ಕೊಳವೆಗೂ ಹೊರಗಿನ ಕೆಲಸಕ್ಕೂ ಹೋಗಬಯಸುವವನಿಗೆ ಆರಿಂಚಿನ ಶೆಡ್ಯೂಲ್ 160 ಪೈಪಿನಲ್ಲಿ 6ಜಿ. ಕಣ್ಣಿನ ಪರೀಕ್ಷೆ ಐಎಸ್‌ಒ ಬಿ ದರ್ಜೆಯದು, ಎಕ್ಸ್‌ರೇ ಮೊದಲು, ಬೆಂಡ್ ಆಮೇಲೆ. ಪ್ರೊಸೀಜರ್ ಹಾಳೆಯ ಒಂದು ಪ್ರತಿ ಕನ್ನಡದಲ್ಲೂ ಒಂದು ಮರಾಠಿಯಲ್ಲೂ ಸೈಟಿನ ಗೋಡೆಯ ಮೇಲಿರಲಿ; ಕರೆಂಟಿನ ಮಿತಿ, ರಾಡನ್ನು ಓವನ್ನಿನಲ್ಲಿ ಒಣಗಿಸುವ ಬಿಸಿ ಓದಲು ಬಾರದವನಿಂದ ಅದನ್ನು ಪಾಲಿಸು ಎಂದು ಕೇಳುವುದು ನ್ಯಾಯವಲ್ಲ. ಆರು ತಿಂಗಳ ದಾಖಲೆಯ ಪುಸ್ತಕ ಗುತ್ತಿಗೆದಾರನ ಕಪಾಟಿನಲ್ಲಲ್ಲದೆ ವೆಲ್ಡರನ ಕೈಯಲ್ಲೂ ಇರಬೇಕು. ವಿಧಾನ, ಬಟ್ಟೋ ಫಿಲೆಟ್ಟೋ ಹಾರ್ಡ್‌ಫೇಸಿಂಗೋ, ಭಂಗಿ, ರಾಡಿನ ಗುಂಪು, ಜೋಡಣೆಯ ಸಂಖ್ಯೆ, ಎಕ್ಸ್‌ರೇ ಫಿಲ್ಮಿನ ಸಂಖ್ಯೆ, ಇನ್‌ಸ್ಪೆಕ್ಟರನ ಸಹಿ: ಇಷ್ಟು ಅಂಕಣಗಳಿದ್ದರೆ ಐಎಸ್‌ಒದ ಎರಡು ವರ್ಷದ ದಾರಿಗೂ ಎಎಸ್‌ಎಂಇಯ ಆರು ತಿಂಗಳಿಗೂ ಅದೇ ಪುಸ್ತಕ ಆಧಾರವಾಗುತ್ತದೆ. ಬಾಯ್ಲರ್ ಇಲಾಖೆಯ ಪರೀಕ್ಷೆ ಮಾತ್ರ ಇದರೊಳಗೆ ಸೇರದು. ಅದು ಇಲಾಖೆಯ ಅಧಿಕಾರಿಯ ಮುಂದೆಯೇ ಪ್ರತ್ಯೇಕವಾಗಿ ನಡೆಯಬೇಕು; ಅವರನ್ನೂ ಅದೇ ದಿನ ಅದೇ ಶೆಡ್ಡಿಗೆ ಕರೆಸಿಕೊಂಡರೆ ವೆಲ್ಡರನಿಗೆ ಒಂದು ದಿನದ ಕೂಲಿಯಾದರೂ ಉಳಿಯುತ್ತದೆ.